ಹಳೆಯ ಚಿಕ್ಕ ಹಾಯಿದೋಣಿಗಳ ದುರಸ್ತಿ

ಹಳೆಯ ಚಿಕ್ಕ ಹಾಯಿದೋಣಿಗಳ ದುರಸ್ತಿಯು, ಹಲವು ದಶಕಗಳಿಂದ ಬಳಕೆಯಲ್ಲಿರುವ, ಸುಮಾರು 20ರಿಂದ 30 ಅಡಿ ಉದ್ದದ ಹಾಯಿದೋಣಿಗಳ ಸಲಕರಣೆಗಳಲ್ಲಿ ಪದೇಪದೇ ಕಂಡುಬರುವ ದೋಷಗಳನ್ನು ಗುರುತಿಸಿ ಸರಿಪಡಿಸುವ ಕೆಲಸವಾಗಿದೆ. ಇಂತಹ ದೋಣಿಗಳಲ್ಲಿ ಹೆಚ್ಚಿನವು 1960ರಿಂದ 1980ರ ದಶಕದವರೆಗೆ ಅಮೆರಿಕ ಮತ್ತು ಯುರೋಪಿನಲ್ಲಿ ಫೈಬರ್‌ಗ್ಲಾಸ್‌ನಿಂದ ತಯಾರಾದವು. ಫೈಬರ್‌ಗ್ಲಾಸ್ ಮರದಂತೆ ಕೊಳೆಯುವುದಿಲ್ಲ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಆದ್ದರಿಂದ ದೋಣಿಯ ಒಡಲು ಐವತ್ತು ವರ್ಷ ಕಳೆದರೂ ಗಟ್ಟಿಯಾಗಿ ಉಳಿಯಬಲ್ಲದು. ಆ ಒಡಲಿಗೆ ಜೋಡಿಸಿದ ಲೋಹದ ಪಟ್ಟಿ, ತಂತಿ, ಕವಾಟ, ಹಗ್ಗ, ವಿದ್ಯುತ್ ಜೋಡಣೆ ಮತ್ತು ಎಂಜಿನ್‌ಗಳಿಗೆ ಅಷ್ಟು ಆಯುಷ್ಯವಿಲ್ಲ.

ಈ ದೋಷಗಳಲ್ಲಿ ಬಹುಪಾಲಿನವುಗಳ ಮೂಲ ಎರಡೇ: ಹೋಗಬಾರದ ಕಡೆ ಹೋಗಿ ನಿಲ್ಲುವ ನೀರು ಮತ್ತು ಕಣ್ಣಿಗೆ ಕಾಣದ ಕಡೆ ಸವೆಯುವ ಲೋಹ. ಹೊರಗೆ ಕಾಣುವ ಕಲೆಯನ್ನು ಒರೆಸಿ ಮೇಲೆ ಅಂಟು ಬಳಿದರೆ ದೋಷ ಒಳಗೇ ಬೆಳೆಯುತ್ತದೆ. ಭಾಗವನ್ನು ಬಿಚ್ಚಿ, ಮೂಲವನ್ನು ಕಂಡು ಸರಿಪಡಿಸಿದರೆ ಮಾತ್ರ ದುರಸ್ತಿ ಬಾಳುತ್ತದೆ. ದಡದಿಂದ ದೂರದಲ್ಲಿ ಹಾಯಿಕಂಬ ಮುರಿದರೆ ಅಥವಾ ಕವಾಟವೊಂದು ಕಿತ್ತುಬಂದರೆ ದೋಣಿಯಲ್ಲಿರುವವರ ಪ್ರಾಣಕ್ಕೇ ಅಪಾಯ ಒದಗುವುದರಿಂದ, ಯಾವ ಕೆಲಸವನ್ನು ಮೊದಲು ಮಾಡಬೇಕು ಎಂಬ ನಿರ್ಧಾರವೂ ದುರಸ್ತಿಯಷ್ಟೇ ಮುಖ್ಯವಾಗಿದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದವರೆಗೆ ವಿಹಾರದ ಹಾಯಿದೋಣಿಗಳನ್ನು ಮುಖ್ಯವಾಗಿ ಮರದಿಂದ ಕಟ್ಟಲಾಗುತ್ತಿತ್ತು. ಯುದ್ಧಾನಂತರ ಗಾಜಿನ ನಾರಿನ ಬಟ್ಟೆಯನ್ನು ಪಾಲಿಯೆಸ್ಟರ್ ರಾಳದಲ್ಲಿ ತೋಯಿಸಿ ಅಚ್ಚಿನಲ್ಲಿ ಪದರಪದರವಾಗಿ ಹರಡಿ ಗಟ್ಟಿಗೊಳಿಸುವ ವಿಧಾನ ಪ್ರಚಾರಕ್ಕೆ ಬಂದಿತು. ಒಂದೇ ಅಚ್ಚಿನಿಂದ ನೂರಾರು ಒಡಲುಗಳನ್ನು ತೆಗೆಯಲು ಸಾಧ್ಯವಾದುದರಿಂದ ದೋಣಿಯ ಬೆಲೆ ಮಧ್ಯಮವರ್ಗದ ಕೈಗೆ ಎಟುಕಿತು. ಕಾರ್ಲ್ ಆಲ್ಬರ್ಗ್ ವಿನ್ಯಾಸಗೊಳಿಸಿದ, 1959ರಲ್ಲಿ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಕಾಣಿಸಿಕೊಂಡ ಪಿಯರ್ಸನ್ ಟ್ರೈಟನ್ ಈ ಬದಲಾವಣೆಯ ಆರಂಭದ ಉದಾಹರಣೆಗಳಲ್ಲೊಂದು. 1969ರಲ್ಲಿ ಅಮೆರಿಕದಲ್ಲಿ ತಯಾರಿಕೆ ಆರಂಭಿಸಿದ, ಫ್ರಾಂಕ್ ಬಟ್ಲರ್ ವಿನ್ಯಾಸದ ಕ್ಯಾಟಲೀನಾ 22 ಹದಿನೈದು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ನಿರ್ಮಾಣವಾಯಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಬಂದ ವೆಸ್ಟರ್ಲಿ ಸೆಂಟಾರ್ ಎರಡು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು.

ಇಂತಹ ದೋಣಿಗಳು ಇಂದು ಹಲವು ಕೈ ಬದಲಾಗಿ, ಅಗ್ಗದ ಬೆಲೆಗೆ ಮಾರಾಟವಾಗುತ್ತವೆ. ಕೊಳ್ಳುವ ಬೆಲೆಗಿಂತ ದುರಸ್ತಿಯ ವೆಚ್ಚವೇ ಹೆಚ್ಚಾಗುವುದು ಸಾಮಾನ್ಯ. ಈ ಕಾರಣದಿಂದ ಮಾಲೀಕರು ಹೆಚ್ಚಿನ ಕೆಲಸವನ್ನು ಸ್ವತಃ ಮಾಡಿಕೊಳ್ಳುವ ಪದ್ಧತಿ ಬೆಳೆದಿದೆ. ಹಿಂದಿನ ಮಾಲೀಕರು ಮಾಡಿದ ಅರೆಬರೆ ದುರಸ್ತಿಗಳನ್ನು ಬಿಚ್ಚಿ ಸರಿಪಡಿಸುವುದೂ ಈ ಕೆಲಸದ ದೊಡ್ಡ ಭಾಗವಾಗಿದೆ.

ದೋಣಿಯ ಮುಖ್ಯ ಭಾಗಗಳು

• ಒಡಲು: ನೀರಿನಲ್ಲಿ ತೇಲುವ ದೋಣಿಯ ಮೈ. ಅದರ ಹೊರಮೈಯಲ್ಲಿ ಜೆಲ್‌ಕೋಟ್ ಎಂಬ ತೆಳುವಾದ, ಬಣ್ಣದ ರಾಳದ ಲೇಪವಿರುತ್ತದೆ.
• ಡೆಕ್: ಒಡಲಿನ ಮೇಲಿನ ಮುಚ್ಚಿಗೆ. ಜನ ನಡೆದಾಡುವುದು ಇದರ ಮೇಲೆ.
• ಕೀಲ್: ಒಡಲಿನ ಅಡಿಯಲ್ಲಿರುವ ಭಾರವಾದ ರೆಕ್ಕೆಯಂತಹ ಭಾಗ. ಗಾಳಿಯ ಒತ್ತಡಕ್ಕೆ ದೋಣಿ ಮಗುಚದಂತೆಯೂ ಪಕ್ಕಕ್ಕೆ ಜಾರದಂತೆಯೂ ಇದು ತಡೆಯುತ್ತದೆ.
• ಹಾಯಿಕಂಬ: ಹಾಯಿಗಳನ್ನು ಹೊರುವ ಕಂಬ. 1960ರ ನಂತರದ ಚಿಕ್ಕ ದೋಣಿಗಳಲ್ಲಿ ಇದು ಸಾಮಾನ್ಯವಾಗಿ ಅಲ್ಯುಮಿನಿಯಮ್‌ನದು.
• ಆಧಾರ ತಂತಿಗಳು: ಹಾಯಿಕಂಬವನ್ನು ಮುಂದೆ, ಹಿಂದೆ ಮತ್ತು ಎರಡೂ ಪಕ್ಕಗಳಿಂದ ಬಿಗಿದು ನಿಲ್ಲಿಸುವ ಸ್ಟೇನ್‌ಲೆಸ್ ಸ್ಟೀಲ್ ಹುರಿತಂತಿಗಳು.
• ಚೈನ್‌ಪ್ಲೇಟ್: ಆಧಾರ ತಂತಿಯ ಕೆಳತುದಿಯನ್ನು ಒಡಲಿಗೆ ಬಂಧಿಸುವ ಲೋಹದ ಪಟ್ಟಿ.
• ಸೀಕಾಕ್: ನೀರಿನ ಮಟ್ಟಕ್ಕಿಂತ ಕೆಳಗೆ ಒಡಲಿನಲ್ಲಿರುವ ರಂಧ್ರವನ್ನು ತೆರೆಯುವ, ಮುಚ್ಚುವ ಕವಾಟ.
• ಬಿಲ್ಜ್: ಒಡಲಿನ ಒಳಗೆ, ನೆಲಹಲಗೆಯ ಕೆಳಗೆ ನೀರು ಸಂಗ್ರಹವಾಗುವ ತಗ್ಗು.

ಕೆಲಸಗಳ ಆದ್ಯತೆ

ಹಳೆಯ ದೋಣಿಯೊಂದರಲ್ಲಿ ಕಾಣುವ ದೋಷಗಳನ್ನೆಲ್ಲ ಪಟ್ಟಿಮಾಡಿದರೆ ಅದು ಹಲವು ಪುಟಗಳಷ್ಟಾಗಬಹುದು. ಕಣ್ಣಿಗೆ ಹಿತವಾಗಿ ಕಾಣುವ ಬಣ್ಣ, ಮೆತ್ತೆ, ಮರದ ಹೊಳಪು ಮುಂತಾದವುಗಳಿಂದ ಕೆಲಸ ಆರಂಭಿಸುವುದು ಸಹಜವಾದರೂ ಅದು ತಪ್ಪು ಕ್ರಮ. ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ದೋಷಗಳನ್ನು ಹೀಗೆ ವಿಂಗಡಿಸಬಹುದು:

1. ನೀರನ್ನು ಹೊರಗಿಡುವ ಭಾಗಗಳು: ಸೀಕಾಕ್, ರಬ್ಬರ್ ಕೊಳವೆ, ಕೀಲ್‌ನ ಜೋಡಣೆ, ಬಿಲ್ಜ್ ಪಂಪು.
2. ಹಾಯಿಕಂಬವನ್ನು ನಿಲ್ಲಿಸುವ ಭಾಗಗಳು: ಆಧಾರ ತಂತಿ, ಚೈನ್‌ಪ್ಲೇಟ್, ಪಿನ್ನುಗಳು.
3. ದಿಕ್ಕು ತೋರಿಸುವ ಮತ್ತು ದೋಣಿಯನ್ನು ನಿಲ್ಲಿಸುವ ಭಾಗಗಳು: ಚುಕ್ಕಾಣಿ, ಲಂಗರು, ಲಂಗರಿನ ಹಗ್ಗ.
4. ನಡೆಸುವ ಭಾಗಗಳು: ಹಾಯಿ, ಎಂಜಿನ್, ವಿದ್ಯುತ್ ದೀಪಗಳು.
5. ಅನುಕೂಲ ಮತ್ತು ಅಂದದ ಭಾಗಗಳು.

ಮೊದಲ ಮೂರು ವರ್ಗಗಳ ದೋಷ ಉಳಿದಿರುವ ದೋಣಿಯನ್ನು ತೆರೆದ ನೀರಿಗೆ ಒಯ್ಯುವುದು ಸುರಕ್ಷಿತವಲ್ಲ.

ಡೆಕ್‌ನ ಸೋರಿಕೆ

ಹಳೆಯ ಫೈಬರ್‌ಗ್ಲಾಸ್ ದೋಣಿಗಳಲ್ಲಿ ಅತ್ಯಂತ ವ್ಯಾಪಕವಾದ ದೋಷವೆಂದರೆ ಡೆಕ್‌ನ ಸೋರಿಕೆ. ಡೆಕ್ ಹಗುರವಾಗಿಯೂ ಬಿಗುವಾಗಿಯೂ ಇರಬೇಕಾದುದರಿಂದ, ಎರಡು ತೆಳು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವನ್ನೋ ಪ್ಲೈವುಡ್ಡನ್ನೋ ತಿರುಳಾಗಿ ಇಟ್ಟು ಅದನ್ನು ನಿರ್ಮಿಸಲಾಗುತ್ತಿತ್ತು. ಹಗ್ಗ ಕಟ್ಟುವ ಗೂಟ, ಕಂಬಿಯ ಬುಡ, ವಿಂಚ್ ಮುಂತಾದ ಪ್ರತಿಯೊಂದು ಸಲಕರಣೆಯನ್ನೂ ಈ ತಿರುಳಿನ ಮೂಲಕ ಬೋಲ್ಟ್ ಹಾಯಿಸಿ ಕೂರಿಸಲಾಗಿದೆ. ಬೋಲ್ಟಿನ ಸುತ್ತಲಿನ ಅಂಟು ಹತ್ತಿಪ್ಪತ್ತು ವರ್ಷಗಳಲ್ಲಿ ಗಟ್ಟಿಯಾಗಿ ಬಿರಿಯುತ್ತದೆ. ಮಳೆನೀರು ಆ ಬಿರುಕಿನಿಂದ ಇಳಿದು ತಿರುಳನ್ನು ತೋಯಿಸುತ್ತದೆ. ಎರಡು ಪದರಗಳ ನಡುವೆ ಸಿಕ್ಕಿಬಿದ್ದ ನೀರು ಆರುವುದಿಲ್ಲ. ಮರ ಕೊಳೆತು, ಡೆಕ್ ಕಾಲಡಿ ಕುಗ್ಗತೊಡಗುತ್ತದೆ.

ಪತ್ತೆ

ಪ್ಲಾಸ್ಟಿಕ್ ಹಿಡಿಯ ಚಿಕ್ಕ ಸುತ್ತಿಗೆಯಿಂದ ಅಥವಾ ನಾಣ್ಯದಿಂದ ಡೆಕ್‌ನ ಮೇಲೆ ಅಂಗುಲ ಅಂಗುಲವಾಗಿ ತಟ್ಟಿ ನೋಡುವುದು ಸರಳ ವಿಧಾನ. ಗಟ್ಟಿ ಡೆಕ್ ಕಣಿಕಣಿ ದನಿ ಕೊಡುತ್ತದೆ. ಕೊಳೆತ ಕಡೆ ದನಿ ಮಂದವಾಗುತ್ತದೆ. ಸಂಶಯವಿದ್ದರೆ ಕೆಳಪದರದಿಂದ ಚಿಕ್ಕ ರಂಧ್ರ ಕೊರೆದು ಬರುವ ಮರದ ಪುಡಿಯನ್ನು ಪರಿಶೀಲಿಸಬಹುದು. ಪುಡಿ ಕಪ್ಪಾಗಿ, ಒದ್ದೆಯಾಗಿದ್ದರೆ ತಿರುಳು ಕೆಟ್ಟಿದೆ ಎಂದರ್ಥ.

ಕೋಣೆಯೊಳಗೆ ನೀರು ತೊಟ್ಟಿಕ್ಕುವ ಜಾಗವೂ ಅದು ಒಳಬರುವ ಜಾಗವೂ ಒಂದೇ ಆಗಿರುವುದು ಅಪರೂಪ. ತಿರುಳಿನೊಳಗೆ ಅಥವಾ ಒಳಚಾವಣಿಯ ಹಿಂದೆ ನೀರು ಕೆಲವು ಅಡಿ ಹರಿದು ಬೇರೆಲ್ಲೋ ಇಳಿಯುತ್ತದೆ. ಆದ್ದರಿಂದ ಒಬ್ಬರು ಒಳಗೆ ಕುಳಿತು ನೋಡುತ್ತಿರುವಾಗ, ಮತ್ತೊಬ್ಬರು ಹೊರಗಿನಿಂದ ಅತಿ ಕೆಳಗಿನ ಜಾಗದಿಂದ ಆರಂಭಿಸಿ ಮೇಲಕ್ಕೆ ಒಂದೊಂದೇ ಸಲಕರಣೆಯ ಮೇಲೆ ಕೆಲವು ನಿಮಿಷ ಕೊಳವೆ ನೀರು ಬಿಡುವ ಕ್ರಮವನ್ನು ಅನುಸರಿಸಲಾಗುತ್ತದೆ. ಮೇಲಿನಿಂದ ಆರಂಭಿಸಿದರೆ ಇಳಿದ ನೀರು ಎಲ್ಲ ಜಾಗಗಳನ್ನೂ ತೋಯಿಸಿ ಗೊಂದಲವುಂಟಾಗುತ್ತದೆ.

ದುರಸ್ತಿ

ಸೋರುವ ಸಲಕರಣೆಯ ಅಂಚಿಗೆ ಹೊರಗಿನಿಂದ ಅಂಟು ಬಳಿಯುವುದು ಶಾಶ್ವತ ಪರಿಹಾರವಲ್ಲ. ಸಲಕರಣೆಯನ್ನು ಪೂರ್ತಿ ಬಿಚ್ಚಿ, ಹಳೆಯ ಅಂಟನ್ನು ಕೆರೆದು ತೆಗೆಯಬೇಕು. ಅನಂತರದ ಹಂತಗಳು ಹೀಗಿವೆ:

• ಬೋಲ್ಟಿನ ರಂಧ್ರವನ್ನು ದೊಡ್ಡದು ಮಾಡಿ, ತುದಿ ಬಾಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿ, ಎರಡು ಪದರಗಳ ನಡುವಿನ ತಿರುಳನ್ನು ರಂಧ್ರದ ಸುತ್ತ ಒಂದೆರಡು ಸೆಂಟಿಮೀಟರ್ ತೆಗೆಯಬೇಕು.
• ಒಳಭಾಗ ಪೂರ್ತಿ ಒಣಗುವವರೆಗೆ ಕಾಯಬೇಕು. ಒದ್ದೆ ಮರಕ್ಕೆ ಎಪಾಕ್ಸಿ ರಾಳ ಹಿಡಿಯುವುದಿಲ್ಲ.
• ರಂಧ್ರದ ಕೆಳಬಾಯಿಗೆ ಪಟ್ಟಿ ಅಂಟಿಸಿ, ಮೊದಲು ತೆಳು ಎಪಾಕ್ಸಿಯಿಂದ ಒಳಗೋಡೆಯನ್ನು ತೋಯಿಸಿ, ಅನಂತರ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ತುಂಬಬೇಕು.
• ಅದು ಗಟ್ಟಿಯಾದ ಮೇಲೆ ಮಧ್ಯದಲ್ಲಿ ಸರಿಯಾದ ಅಳತೆಯ ರಂಧ್ರ ಕೊರೆದು, ಮೇಲಂಚನ್ನು ಸ್ವಲ್ಪ ಇಳಿಜಾರಾಗಿ ಕೆತ್ತಬೇಕು. ಅಲ್ಲಿ ನಿಲ್ಲುವ ಅಂಟು ಬೋಲ್ಟಿನ ಸುತ್ತ ಉಂಗುರದಂತೆ ಕೂರುತ್ತದೆ.
• ಮರುಜೋಡಿಸುವಾಗ ಬೋಲ್ಟನ್ನು ಅಲುಗಾಡದಂತೆ ಹಿಡಿದು ಕೆಳಗಿನ ನಟ್ಟನ್ನು ಮಾತ್ರ ತಿರುಗಿಸಬೇಕು. ಭಾರ ಹೊರುವ ಸಲಕರಣೆಗಳ ಅಡಿಯಲ್ಲಿ ಅಗಲವಾದ ಲೋಹದ ಅಥವಾ ಫೈಬರ್‌ಗ್ಲಾಸ್ ಫಲಕವನ್ನು ಇಡಬೇಕು.

ಹೀಗೆ ಮಾಡಿದ ಮೇಲೆ ಮುಂದೊಂದು ದಿನ ಅಂಟು ಬಿರಿದರೂ ನೀರು ತಿರುಳನ್ನು ಮುಟ್ಟುವುದಿಲ್ಲ. ಅಂಟಿನ ಆಯ್ಕೆಯಲ್ಲೂ ಎಚ್ಚರ ಬೇಕು. ಬ್ಯುಟೈಲ್ ಪಟ್ಟಿ ಮೆತ್ತಗೆ ಉಳಿಯುವುದರಿಂದ ಮುಂದೆ ಬಿಚ್ಚಬೇಕಾದ ಡೆಕ್ ಸಲಕರಣೆಗಳಿಗೆ ಅನುಕೂಲ. ಪಾಲಿಯುರಿಥೇನ್ ಅಂಟುಗಳ ಹಿಡಿತ ಬಲವಾದುದು. ಎಂದೂ ಬಿಚ್ಚಬೇಕಿಲ್ಲದ ಜೋಡಣೆಗೆ ಮಾತ್ರ ಅದು ತಕ್ಕದ್ದು. ಪಾಲಿಸಲ್ಫೈಡ್ ಅಂಟು ಅಕ್ರಿಲಿಕ್ ಮತ್ತು ಪಾಲಿಕಾರ್ಬನೇಟ್ ಕಿಟಕಿಗಳನ್ನು ಕೆಡಿಸುತ್ತದೆ. ಸಿಲಿಕೋನ್ ಬಳಿದ ಜಾಗದಲ್ಲಿ ಉಳಿಯುವ ಜಿಡ್ಡಿನ ಮೇಲೆ ಮುಂದೆ ಬಣ್ಣವಾಗಲಿ ಬೇರೆ ಅಂಟಾಗಲಿ ಹಿಡಿಯುವುದು ಕಷ್ಟ.

ಹಲವು ಅಡಿಗಳಷ್ಟು ತಿರುಳು ಕೊಳೆತಿದ್ದರೆ ಮೇಲಿನ ಪದರವನ್ನೇ ಕತ್ತರಿಸಿ ತೆಗೆದು, ಹೊಸ ತಿರುಳು ಹಾಕಿ, ಮತ್ತೆ ಫೈಬರ್‌ಗ್ಲಾಸ್ ಹೊದಿಸಬೇಕಾಗುತ್ತದೆ.

ನೀರಿನ ಮಟ್ಟದ ಕೆಳಗಿನ ಭಾಗಗಳು

ಸೀಕಾಕ್ ಮತ್ತು ಕೊಳವೆಗಳು

ಚಿಕ್ಕ ದೋಣಿಯಲ್ಲೂ ತೊಟ್ಟಿ, ಶೌಚಾಲಯ ಅಥವಾ ಎಂಜಿನ್ನಿಗಾಗಿ ಒಡಲಿನಲ್ಲಿ ಒಂದೆರಡು ರಂಧ್ರಗಳಿರುತ್ತವೆ. 38 ಮಿ.ಮೀ. ವ್ಯಾಸದ ರಂಧ್ರವೊಂದು ನೀರಿನ ಮಟ್ಟದಿಂದ 60 ಸೆಂ.ಮೀ. ಕೆಳಗಿದ್ದು ಪೂರ್ತಿ ತೆರೆದುಕೊಂಡರೆ, ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಒಳನುಗ್ಗುತ್ತದೆ. ಚಿಕ್ಕ ದೋಣಿಗಳ ವಿದ್ಯುತ್ ಬಿಲ್ಜ್ ಪಂಪು ಇದನ್ನು ಎದುರಿಸುವುದು ಕಷ್ಟ. ಪಂಪಿನ ಮೇಲೆ ನಮೂದಿಸಿದ ಸಾಮರ್ಥ್ಯವು ನೀರನ್ನು ಮೇಲೆತ್ತುವ ಹೊರೆಯಿಲ್ಲದೆ ಅಳೆದದ್ದಾಗಿರುವುದರಿಂದ ನಿಜವಾಗಿ ಹೊರಹೋಗುವ ನೀರು ಅದಕ್ಕಿಂತ ಕಡಿಮೆ.

ಹಳೆಯ ದೋಣಿಗಳಲ್ಲಿ ಮನೆಬಳಕೆಯ ಹಿತ್ತಾಳೆ ಕವಾಟಗಳನ್ನು ಹಾಕಿರುವುದುಂಟು. ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಲೋಹ. ಉಪ್ಪುನೀರಿನಲ್ಲಿ ಅದರೊಳಗಿನ ಸತು ಕರಗಿಹೋಗಿ, ಜಾಲರಿಯಂತಹ ದುರ್ಬಲ ತಾಮ್ರ ಉಳಿಯುತ್ತದೆ. ಕೆರೆದಾಗ ಹಳದಿಯ ಬದಲು ನಸುಗೆಂಪು ಬಣ್ಣ ಕಂಡರೆ ಕವಾಟವನ್ನು ಬದಲಿಸಬೇಕು. ಕಂಚಿನ ಅಥವಾ ಬಲಪಡಿಸಿದ ಪ್ಲಾಸ್ಟಿಕ್ಕಿನ ಸೀಕಾಕ್‌ಗಳು ಇದಕ್ಕೆ ಸೂಕ್ತ. ತಿರುಗದೆ ಬಿಗಿದುಕೊಂಡ ಸೀಕಾಕನ್ನು ದೋಣಿ ನೀರಿನಲ್ಲಿರುವಾಗ ಬಲವಂತವಾಗಿ ತಿರುಗಿಸಬಾರದು. ಅದು ಮುರಿದು ಬರುವ ಸಂಭವವಿದೆ. ಪ್ರತಿ ಸೀಕಾಕಿನ ಬಳಿಯಲ್ಲೂ ಆ ರಂಧ್ರಕ್ಕೆ ಹೊಂದುವ ಮೆದುಮರದ ಮೊನಚು ಬಿರಡೆಯೊಂದನ್ನು ದಾರದಲ್ಲಿ ಕಟ್ಟಿಡುವುದು ರೂಢಿ. ಕೊಳವೆಗಳನ್ನು ಬಿಗಿಯುವ ಪಟ್ಟಿಗಳನ್ನು ಜಾಗವಿರುವ ಕಡೆ ಎರಡೆರಡು ಹಾಕಲಾಗುತ್ತದೆ.

ಒಡಲಿನ ಗುಳ್ಳೆಗಳು

ವರ್ಷಗಟ್ಟಲೆ ನೀರಿನಲ್ಲಿರುವ ಒಡಲಿನ ಜೆಲ್‌ಕೋಟಿನ ಮೂಲಕ ನೀರಿನ ಅಣುಗಳು ನಿಧಾನವಾಗಿ ಒಳಸೇರುತ್ತವೆ. ರಾಳದಲ್ಲಿ ಉಳಿದಿದ್ದ ಕರಗುವ ವಸ್ತುಗಳೊಡನೆ ಸೇರಿ ಅವು ಆಮ್ಲೀಯ ದ್ರವವಾಗುತ್ತವೆ. ಈ ದ್ರವ ಇನ್ನಷ್ಟು ನೀರನ್ನು ಎಳೆದುಕೊಂಡು, ಒತ್ತಡದಿಂದ ಮೇಲ್ಮೈಯಲ್ಲಿ ಗುಳ್ಳೆಗಳೇಳುತ್ತವೆ. ಇದಕ್ಕೆ ಆಸ್ಮಾಸಿಸ್ ಎಂಬ ಹೆಸರಿದೆ. ಒಡೆದ ಗುಳ್ಳೆಯಿಂದ ವಿನೆಗರಿನಂತಹ ವಾಸನೆ ಬರುತ್ತದೆ. ಚದುರಿದ ಚಿಕ್ಕ ಗುಳ್ಳೆಗಳು ಒಡಲಿನ ಬಲಕ್ಕೆ ಧಕ್ಕೆ ತರುವುದು ಅಪರೂಪ. ಅವುಗಳನ್ನು ಕೆರೆದು ತೆರೆದು, ತೊಳೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ತುಂಬಿದರೆ ಸಾಕಾಗುತ್ತದೆ. ಗುಳ್ಳೆಗಳು ಫೈಬರ್‌ಗ್ಲಾಸ್ ಪದರಗಳ ಆಳಕ್ಕೆ ಹೋಗಿದ್ದರೆ ಮಾತ್ರ ಪದರಗಳನ್ನು ತೆಗೆದು ಮತ್ತೆ ಹೊದಿಸುವ ದೊಡ್ಡ ಕೆಲಸ ಬೇಕಾಗುತ್ತದೆ.

ಕೀಲ್

ಸ್ಥಿರ ಕೀಲ್ ಇರುವ ದೋಣಿಗಳಲ್ಲಿ ಸೀಸದ ಅಥವಾ ಎರಕದ ಕಬ್ಬಿಣದ ಕೀಲನ್ನು ಒಡಲಿಗೆ ದಪ್ಪ ಬೋಲ್ಟುಗಳಿಂದ ಬಂಧಿಸಲಾಗಿರುತ್ತದೆ. ಒಡಲು ಮತ್ತು ಕೀಲ್ ಸೇರುವ ಗೆರೆಯಲ್ಲಿ ಮುಂಭಾಗದಲ್ಲಿ ಬಿರುಕು ಕಂಡರೆ ಬೋಲ್ಟುಗಳ ಬಿಗಿ, ತುಕ್ಕು ಮತ್ತು ಬಿಲ್ಜ್‌ನ ತಳವನ್ನು ಪರಿಶೀಲಿಸಬೇಕು. ಕ್ಯಾಟಲೀನಾ ದೋಣಿಗಳಲ್ಲಿ ಹೆಚ್ಚಾಗಿ ಕಾಣುವುದರಿಂದ ಮತ್ತು ನಗುವ ಬಾಯಿಯಂತೆ ತೋರುವುದರಿಂದ ಈ ಬಿರುಕಿಗೆ 'ಕ್ಯಾಟಲೀನಾ ಸ್ಮೈಲ್' ಎಂಬ ಅಡ್ಡಹೆಸರು ಬಂದಿದೆ. ಬಿರುಕಿಗೆ ಮೇಲಿನಿಂದ ಲಪ್ಪ ತುಂಬಿ ಬಣ್ಣ ಹಚ್ಚಿದರೆ ಬೋಲ್ಟಿನ ತುಕ್ಕು ನಿಲ್ಲುವುದಿಲ್ಲ. ಕೀಲ್‌ನ ಜೋಡಣೆ ಸೋತಾಗ ಪರಿಣಾಮ ಎಷ್ಟು ಘೋರವಾಗಬಹುದೆಂಬುದಕ್ಕೆ 2014ರ ಮೇ ತಿಂಗಳ ದುರಂತ ಸಾಕ್ಷಿ: ಅಟ್ಲಾಂಟಿಕ್ ಸಾಗರದಲ್ಲಿ 'ಚೀಕಿ ರಫೀಕಿ' ಎಂಬ ಸುಮಾರು 40 ಅಡಿಯ ಹಾಯಿದೋಣಿಯ ಕೀಲ್ ಕಳಚಿ, ದೋಣಿ ಮಗುಚಿ, ಅದರಲ್ಲಿದ್ದ ನಾಲ್ವರೂ ಮೃತಪಟ್ಟರು.

ಕ್ಯಾಟಲೀನಾ 22ರ ಆರಂಭದ ಮಾದರಿಯಲ್ಲಿರುವುದು ಮೇಲೆತ್ತಬಹುದಾದ, ಸುಮಾರು 250 ಕಿಲೋಗ್ರಾಂ ತೂಕದ ಎರಕದ ಕಬ್ಬಿಣದ ಕೀಲ್. ಅದು ಒಂದು ಪಿನ್ನಿನ ಮೇಲೆ ತೂಗಿ, ಉಕ್ಕಿನ ಹುರಿತಂತಿ ಮತ್ತು ಚಿಕ್ಕ ರಾಟೆಯ ಸಹಾಯದಿಂದ ಮೇಲೇರುತ್ತದೆ. ಪಿನ್ನು ಮತ್ತು ಅದರ ರಂಧ್ರ ಸವೆದಾಗ ಅಲೆಗಳ ಹೊಯ್ದಾಟಕ್ಕೆ ಕೀಲ್ ಪಕ್ಕಕ್ಕೆ ಬಡಿಯುವ ದಪ್ಪ ಸದ್ದು ಕೇಳಿಸುತ್ತದೆ. ತಂತಿಯ ಎಳೆಗಳು ಮುರಿದಿದ್ದರೆ ಅಥವಾ ಅದನ್ನು ಹಿಡಿದ ಕೊಂಡಿಗೆ ತುಕ್ಕು ಹಿಡಿದಿದ್ದರೆ ಕೂಡಲೇ ಬದಲಿಸಬೇಕು. ತಂತಿ ತುಂಡಾದರೆ ಕೀಲ್ ಒಮ್ಮೆಲೇ ಬಿದ್ದು ಅದರ ಗೂಡಿನ ಗೋಡೆಯನ್ನು ಒಡೆಯಬಹುದು.

ಹಾಯಿಕಂಬ ಮತ್ತು ಆಧಾರ ತಂತಿಗಳು

ಹಾಯಿಕಂಬವನ್ನು ನಿಲ್ಲಿಸಿರುವ ತಂತಿ, ಕೊಂಡಿ, ಪಿನ್ನು, ಪಟ್ಟಿಗಳು ಸರಪಳಿಯೊಂದರ ಕೊಂಡಿಗಳಿದ್ದಂತೆ. ಅವುಗಳಲ್ಲಿ ಒಂದು ಬಿಟ್ಟರೂ ಕಂಬ ಕೆಲವೇ ಕ್ಷಣಗಳಲ್ಲಿ ಉರುಳುತ್ತದೆ.

ಆಧಾರ ತಂತಿಯು ಸಾಮಾನ್ಯವಾಗಿ 19 ಎಳೆಗಳನ್ನು ಹುರಿಗೊಳಿಸಿದ ಸ್ಟೇನ್‌ಲೆಸ್ ಸ್ಟೀಲ್ ತಂತಿ. ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ಪದ್ಧತಿಯಿದೆ. ವಿಮಾ ಸಂಸ್ಥೆಗಳೂ ಅನೇಕ ವೇಳೆ ಇದನ್ನೇ ಕೇಳುತ್ತವೆ. ಹಳೆಯ ಬಟ್ಟೆಯ ತುಂಡಿನಿಂದ ತಂತಿಯನ್ನು ಉದ್ದಕ್ಕೂ ಒರೆಸಿದರೆ ಮುರಿದ ಎಳೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಿಂದ ಒರೆಸಿದರೆ ಗಾಯವಾಗುತ್ತದೆ. ಒಂದೇ ಒಂದು ಎಳೆ ಮುರಿದಿದ್ದರೂ ಆ ತಂತಿಯನ್ನು ಬದಲಿಸಬೇಕು. ಒಂದು ಎಳೆಯನ್ನು ಮುರಿದ ಕಾರಣ ಉಳಿದ ಎಳೆಗಳ ಮೇಲೂ ಕೆಲಸ ಮಾಡಿರುತ್ತದೆ. ತಂತಿಯ ತುದಿಯನ್ನು ಲೋಹದ ಕೊಳವೆಯೊಳಗಿಟ್ಟು ಯಂತ್ರದಿಂದ ಅದುಮಿದ ಜಾಗದಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಕೆಳತುದಿಯ ಕೊಳವೆಯೊಳಗೆ ನೀರು ಇಳಿದು ನಿಲ್ಲುವುದರಿಂದ ಅಲ್ಲಿ ಬಿರುಕು ಬೇಗ ಬರುತ್ತದೆ. ಭೂತಗನ್ನಡಿಯಿಂದ ನೋಡಿದರೆ ಇವು ಕಾಣುತ್ತವೆ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಗಾಳಿಯಲ್ಲಿರುವ ಆಮ್ಲಜನಕದ ಸಂಪರ್ಕದಿಂದ ಅದರ ಮೈಮೇಲೆ ಮೂಡುವ ತೆಳು ಕ್ರೋಮಿಯಮ್ ಆಕ್ಸೈಡ್ ಪದರವೇ ಅದರ ರಕ್ಷಣೆ. ಚೈನ್‌ಪ್ಲೇಟು ಡೆಕ್ ಮೂಲಕ ಹಾದುಹೋಗುವ ಜಾಗದಲ್ಲಿ ಅಂಟು ಬಿರಿದು ಉಪ್ಪುನೀರು ನಿಂತರೆ, ಅಲ್ಲಿಗೆ ಆಮ್ಲಜನಕ ತಲುಪದೆ ಆ ಪದರ ನಾಶವಾಗುತ್ತದೆ. ಲೋಹದಲ್ಲಿ ಗುಳಿ, ಬಿರುಕುಗಳು ಉಂಟಾಗುತ್ತವೆ. ಡೆಕ್‌ನ ಮೇಲೆ ಮತ್ತು ಕೋಣೆಯೊಳಗೆ ಕಾಣುವ ಭಾಗಗಳು ಹೊಳೆಯುತ್ತಿದ್ದರೂ ನಡುವಿನ ಕಾಣದ ಒಂದು ಅಂಗುಲದಲ್ಲಿ ಪಟ್ಟಿ ಅರ್ಧಕ್ಕರ್ಧ ಸವೆದಿರಬಹುದು. ಆದ್ದರಿಂದ ವಯಸ್ಸಾದ ದೋಣಿಯ ಚೈನ್‌ಪ್ಲೇಟುಗಳನ್ನು ಒಮ್ಮೆಯಾದರೂ ಹೊರತೆಗೆದು ನೋಡುವುದು ಅವಶ್ಯ. ಪಟ್ಟಿಯ ಬುಡದಲ್ಲಿ ಕಂದು ಕಲೆ ಇಳಿದಿರುವುದು ಒಳಗಿನ ದೋಷದ ಮೊದಲ ಸೂಚನೆ.

ತಂತಿಯ ಬಿಗಿಯನ್ನು ಹೊಂದಿಸುವ ಟರ್ನ್‌ಬಕಲ್ ತಿರುಪುಗಳು ತಾವಾಗಿ ಬಿಚ್ಚಿಕೊಳ್ಳದಂತೆ ಕಾಟರ್ ಪಿನ್ನು ಹಾಕಿರಬೇಕು. ಇದು ಅತ್ಯಂತ ಅಗ್ಗದ ಭಾಗ. ಇದರ ಕೊರತೆಯಿಂದ ಕಂಬ ಉರುಳಿದ ಸಂದರ್ಭಗಳೂ ಉಂಟು.

ಲೋಹಗಳ ಪರಸ್ಪರ ಸವೆತ

ಎರಡು ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ಉಪ್ಪುನೀರಿನಲ್ಲಿ ತೋಯ್ದರೆ ಅದೊಂದು ಬ್ಯಾಟರಿಯಂತೆ ವರ್ತಿಸಿ, ಅವುಗಳಲ್ಲಿ ಹೆಚ್ಚು ಕ್ರಿಯಾಶೀಲವಾದ ಲೋಹ ಕರಗುತ್ತದೆ. ಅಲ್ಯುಮಿನಿಯಮ್ ಹಾಯಿಕಂಬಕ್ಕೆ ಸ್ಟೇನ್‌ಲೆಸ್ ಸ್ಟೀಲ್ ತಿರುಪು ಹಾಕಿದ ಕಡೆ ಬಿಳಿ ಪುಡಿ ಏಳುವುದು ಇದರಿಂದಲೇ. ಆ ಪುಡಿ ತಿರುಪನ್ನು ಬಿಗಿಯಾಗಿ ಹಿಡಿದಿಡುತ್ತದೆ. ತುಕ್ಕು ಸಡಿಲಿಸುವ ಎಣ್ಣೆಯನ್ನು ಕೆಲವು ದಿನ ಬಿಟ್ಟುಬಿಟ್ಟು ಹಾಕುವುದು, ಹಿತವಾಗಿ ಕಾಯಿಸುವುದು, ಸುತ್ತಿಗೆಯಿಂದ ಹೊಡೆದಾಗ ತಿರುಗುವ ಸ್ಕ್ರೂಡ್ರೈವರ್ ಬಳಸುವುದು ಇದನ್ನು ಬಿಡಿಸುವ ಉಪಾಯಗಳು. ಅವಸರದಲ್ಲಿ ತಿರುಪಿನ ತಲೆ ಮುರಿದರೆ ಕೊರೆದು ತೆಗೆಯಬೇಕಾಗುತ್ತದೆ. ಮರುಜೋಡಿಸುವಾಗ ಎರಡು ಲೋಹಗಳ ನಡುವೆ ಇದಕ್ಕೆಂದೇ ಸಿಗುವ ರಕ್ಷಕ ಲೇಪವನ್ನು ಹಚ್ಚಬೇಕು.

ನೀರಿನಡಿಯ ಲೋಹಗಳನ್ನು ಉಳಿಸಲು ಅವುಗಳಿಗೆ ಹೆಚ್ಚು ಕ್ರಿಯಾಶೀಲ ಲೋಹದ ತುಂಡೊಂದನ್ನು ಜೋಡಿಸಲಾಗುತ್ತದೆ. ಬೇರೆ ಲೋಹಗಳ ಬದಲು ತಾನು ಕರಗುವುದೇ ಅದರ ಕೆಲಸ. ಸಮುದ್ರದಲ್ಲಿ ಸತು ಅಥವಾ ಅಲ್ಯುಮಿನಿಯಮ್, ಸಿಹಿನೀರಿನಲ್ಲಿ ಮೆಗ್ನೀಸಿಯಮ್ ಇದಕ್ಕೆ ಬಳಕೆಯಾಗುತ್ತವೆ. ಅರ್ಧದಷ್ಟು ಕರಗಿದಾಗ ಅದನ್ನು ಬದಲಿಸಬೇಕು. ಅದರ ಮೇಲೆ ಬಣ್ಣ ಹಚ್ಚಿದರೆ ಅದು ಕೆಲಸ ಮಾಡುವುದಿಲ್ಲ.

ಚುಕ್ಕಾಣಿ

ಚಿಕ್ಕ ದೋಣಿಗಳ ಚುಕ್ಕಾಣಿ ಹೆಚ್ಚಾಗಿ ಹಿಂಭಾಗದ ಹೊರಗೋಡೆಗೆ ಬಾಗಿಲಿನ ತಿರುಗಣಿಯಂತಹ ಕೊಂಡಿಗಳಿಂದ ತೂಗುತ್ತದೆ. ಹಿಡಿಯನ್ನು ಅಲುಗಾಡಿಸಿದಾಗ ಚುಕ್ಕಾಣಿ ತಿರುಗುವ ಮೊದಲೇ ಸಡಿಲ ಆಟ ಕಂಡರೆ ಕೊಂಡಿಯ ರಂಧ್ರ ಸವೆದಿದೆ ಎಂದು ತಿಳಿಯಬಹುದು. ರಂಧ್ರಕ್ಕೆ ನೈಲಾನ್ ಬುಷ್ ಹಾಕುವುದು ಸುಲಭ ಪರಿಹಾರ. ಕೊಂಡಿಗಳ ಬೋಲ್ಟುಗಳು ಹಿಂಗೋಡೆಯ ಒಳಗೆ ಕೈಗೆ ಸಿಗದ ಜಾಗದಲ್ಲಿರುವುದರಿಂದ ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ. ಅವುಗಳನ್ನು ತಪ್ಪದೆ ಪರಿಶೀಲಿಸಬೇಕು.

ಒಳಗೆ ನೊರೆತಿರುಳು ತುಂಬಿದ ಫೈಬರ್‌ಗ್ಲಾಸ್ ಚುಕ್ಕಾಣಿಯು ನೀರು ಕುಡಿದು ಭಾರವಾಗುತ್ತದೆ. ದೋಣಿಯನ್ನು ದಡಕ್ಕೆ ತೆಗೆದು ದಿನಗಳು ಕಳೆದ ಮೇಲೂ ಅದರ ಕೆಳತುದಿಯಿಂದ ನೀರು ಜಿನುಗುತ್ತಿದ್ದರೆ ಒಳಗಿನ ಸ್ಟೀಲ್ ಸರಳುಗಳು ಸವೆದಿರುವ ಸಾಧ್ಯತೆಯಿದೆ. ತಳದಲ್ಲಿ ರಂಧ್ರ ಕೊರೆದು ಬಸಿಯುವುದು ತಾತ್ಕಾಲಿಕ ಉಪಾಯ. ಸರಳುಗಳು ಕೆಟ್ಟಿದ್ದರೆ ಚುಕ್ಕಾಣಿಯನ್ನು ಸೀಳಿ ಸರಿಪಡಿಸಬೇಕು ಅಥವಾ ಹೊಸದನ್ನು ಮಾಡಿಸಬೇಕು.

ಹಾಯಿ, ಹಗ್ಗ ಮತ್ತು ವಿಂಚ್

ಪಾಲಿಯೆಸ್ಟರ್ ಹಾಯಿಯ ದೊಡ್ಡ ಶತ್ರು ಬಿಸಿಲು. ಬಟ್ಟೆಗಿಂತ ಮೊದಲು ಹೊಲಿಗೆಯ ದಾರ ಸಾಯುತ್ತದೆ. ಹೊಲಿಗೆಯನ್ನು ಉಗುರಿನಿಂದ ಗೀರಿದಾಗ ದಾರ ಕಿತ್ತುಬಂದರೆ ಹಾಯಿಯನ್ನು ಮರುಹೊಲಿಸಬೇಕು; ಬಟ್ಟೆ ಗಟ್ಟಿಯಿದ್ದರೆ ಹೊಸ ಹಾಯಿ ಬೇಕಿಲ್ಲ. ಚಿಕ್ಕ ಹರಿತಗಳಿಗೆ ಹಾಯಿಗೆಂದೇ ಸಿಗುವ ಅಂಟುಬಟ್ಟೆಯನ್ನು ಎರಡೂ ಬದಿ ಹಚ್ಚಿ, ಅಂಚಿಗೆ ಕೈಹೊಲಿಗೆ ಹಾಕಲಾಗುತ್ತದೆ.

ವಿಂಚ್ ಎಂಬುದು ಹಾಯಿಯ ಹಗ್ಗವನ್ನು ಸುತ್ತಿ ಬಿಗಿಯಲು ಬಳಸುವ ಲೋಹದ ಉರುಳೆ. ಅದರೊಳಗೆ ಸ್ಪ್ರಿಂಗಿನಿಂದ ಚಿಮ್ಮುವ ಚಿಕ್ಕ ನಾಲಗೆಗಳು ಉರುಳೆ ಹಿಂದಕ್ಕೆ ತಿರುಗದಂತೆ ತಡೆಯುತ್ತವೆ. ಹಳೆಯ ಗ್ರೀಸ್ ಗಟ್ಟಿಯಾಗಿ ನಾಲಗೆಗಳು ಅಂಟಿಕೊಂಡರೆ, ಬಿಗಿದ ಹಗ್ಗದ ಬಲಕ್ಕೆ ಹಿಡಿ ರಭಸದಿಂದ ಹಿಂತಿರುಗಿ ಕೈ ಮುರಿಯಬಹುದು. ವಿಂಚನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲುಚಕ್ರಗಳಿಗೆ ತೆಳುವಾಗಿ ಗ್ರೀಸನ್ನೂ ನಾಲಗೆಗಳಿಗೆ ತೆಳು ಎಣ್ಣೆಯನ್ನು ಮಾತ್ರವೂ ಹಾಕಬೇಕು. ಬಿಚ್ಚುವಾಗ ಚಿಕ್ಕ ಸ್ಪ್ರಿಂಗುಗಳು ಹಾರಿ ನೀರಿಗೆ ಬೀಳದಂತೆ ಸುತ್ತ ರಟ್ಟಿನ ಪೆಟ್ಟಿಗೆ ಇಡುವುದು ರೂಢಿ.

ಔಟ್‌ಬೋರ್ಡ್ ಎಂಜಿನ್

ಇಂತಹ ದೋಣಿಗಳಲ್ಲಿ ಹೆಚ್ಚಿನವುಗಳಿಗೆ ಹಿಂಭಾಗದಲ್ಲಿ ಸಿಕ್ಕಿಸುವ ಚಿಕ್ಕ ಪೆಟ್ರೋಲ್ ಎಂಜಿನ್ ಇರುತ್ತದೆ. ಅದು ಚಾಲೂ ಆಗದಿರುವುದಕ್ಕೆ ಬಹುತೇಕ ಇಂಧನವೇ ಕಾರಣ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆವಿಯಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟಿನಂತಹ ಕಿಟ್ಟ ಉಳಿಯುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರಿನಂಶ ಮಿತಿಮೀರಿದಾಗ ಎಥನಾಲ್ ಮತ್ತು ನೀರು ಬೇರ್ಪಟ್ಟು ತೊಟ್ಟಿಯ ತಳಕ್ಕೆ ಇಳಿಯುತ್ತವೆ. ಅಮೆರಿಕದಲ್ಲಿ ಸಾಮಾನ್ಯವಾಗಿ 10%, ಭಾರತದಲ್ಲಿ ಈಚೆಗೆ 20%ವರೆಗೆ ಎಥನಾಲ್ ಬೆರೆಸಲಾಗುತ್ತಿರುವುದರಿಂದ ಅಪರೂಪಕ್ಕೆ ಓಡಿಸುವ ಎಂಜಿನ್‌ಗಳಲ್ಲಿ ಈ ತೊಂದರೆ ಹೆಚ್ಚು. ದೀರ್ಘಕಾಲ ನಿಲ್ಲಿಸುವ ಮೊದಲು ಕಾರ್ಬ್ಯುರೇಟರನ್ನು ಬರಿದು ಮಾಡಬೇಕು.

ಚಾಲೂ ಆಗದ ಎಂಜಿನ್ನಿನಲ್ಲಿ ಸರಳವಾದುದನ್ನು ಮೊದಲು ನೋಡಬೇಕು: ತುರ್ತು ನಿಲುಗಡೆಯ ಹಗ್ಗದ ಕ್ಲಿಪ್ ಜಾಗದಲ್ಲಿದೆಯೇ, ತೊಟ್ಟಿಯ ಗಾಳಿತಿರುಪು ತೆರೆದಿದೆಯೇ, ಇಂಧನ ಕೊಳವೆಯ ರಬ್ಬರ್ ಗುಂಡು ಒತ್ತಿದಾಗ ಗಟ್ಟಿಯಾಗುತ್ತದೆಯೇ, ಸ್ಪಾರ್ಕ್ ಪ್ಲಗ್ ಒದ್ದೆಯಾಗಿದೆಯೇ ಎಂಬುದನ್ನು ಪರೀಕ್ಷಿಸಿದ ಮೇಲೆಯೇ ಕಾರ್ಬ್ಯುರೇಟರ್ ಬಿಚ್ಚುವುದು ಉಚಿತ.

ಎಂಜಿನ್ ಓಡುವಾಗ ಹಿಂಭಾಗದಿಂದ ತೆಳು ಧಾರೆಯಾಗಿ ನೀರು ಚಿಮ್ಮುತ್ತಿರಬೇಕು. ಅದು ನಿಂತರೆ ತಂಪುಗೊಳಿಸುವ ನೀರು ಹರಿಯುತ್ತಿಲ್ಲವೆಂದರ್ಥ. ಎಂಜಿನ್ನನ್ನು ಕೂಡಲೇ ನಿಲ್ಲಿಸಬೇಕು. ಧಾರೆಯ ತೂತಿನಲ್ಲಿ ಕಸ ಕಟ್ಟಿರುವುದು ಅಥವಾ ನೀರೆತ್ತುವ ರಬ್ಬರ್ ಚಕ್ರ ಹರಿದಿರುವುದು ಸಾಮಾನ್ಯ ಕಾರಣಗಳು. ಉಪ್ಪುನೀರಿನಲ್ಲಿ ಓಡಿಸಿದ ಮೇಲೆ ಪ್ರತಿ ಬಾರಿಯೂ ಸಿಹಿನೀರಿನಿಂದ ಒಳಭಾಗವನ್ನು ತೊಳೆದರೆ ಎಂಜಿನ್ನಿನ ಬಾಳಿಕೆ ಹೆಚ್ಚುತ್ತದೆ.

ವಿದ್ಯುತ್ ವ್ಯವಸ್ಥೆ

ಚಿಕ್ಕ ದೋಣಿಗಳಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ದೀಪಗಳು, ಬಿಲ್ಜ್ ಪಂಪು ಮತ್ತು ರೇಡಿಯೊ ನಡೆಯುತ್ತವೆ. ದೀಪ ಮಂಕಾಗಿ ಉರಿದರೆ ಬ್ಯಾಟರಿಯನ್ನು ದೂರುವ ಮೊದಲು ಜೋಡಣೆಗಳನ್ನು ನೋಡಬೇಕು. ಬರಿಯ ತಾಮ್ರದ ತಂತಿ ತೇವದಲ್ಲಿ ಹೊದಿಕೆಯೊಳಗೇ ಕಪ್ಪಾಗುತ್ತದೆ. ತವರ ಲೇಪಿತ ತಾಮ್ರದ ಎಳೆತಂತಿ ಹೆಚ್ಚು ಕಾಲ ಬಾಳುತ್ತದೆ. ಹಾಯಿಕಂಬದ ಬುಡದಲ್ಲಿ, ಡೆಕ್‌ನ ಮೇಲಿರುವ ಪ್ಲಗ್ ಅತಿ ಹೆಚ್ಚು ಕೆಡುವ ಜಾಗ.

ತಂತಿಯ ದಪ್ಪವೂ ಮುಖ್ಯ. ಕಂಬದ ತುದಿಯ 25 ವ್ಯಾಟ್ ದೀಪ ಸುಮಾರು 2 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಅಲ್ಲಿಗೆ 12 ಮೀಟರ್ ದೂರವಿದ್ದರೆ, ಹೋಗಿ ಬರುವ ತಂತಿಯ ಉದ್ದ 24 ಮೀಟರ್. 1 ಚದರ ಮಿ.ಮೀ. ತಂತಿಯಲ್ಲಿ ಇದರಿಂದ ಸುಮಾರು 0.8 ವೋಲ್ಟ್, ಅಂದರೆ 7% ನಷ್ಟವಾಗುತ್ತದೆ, 2.5 ಚದರ ಮಿ.ಮೀ. ತಂತಿಯಲ್ಲಿ 0.33 ವೋಲ್ಟ್, ಅಂದರೆ 3%ಕ್ಕಿಂತ ಕಡಿಮೆ. ಸಂಚಾರ ದೀಪಗಳಿಗೆ 3% ನಷ್ಟವನ್ನು ಮಿತಿಯಾಗಿ ಪರಿಗಣಿಸಲಾಗುತ್ತದೆ. ದೀಪವನ್ನು ಎಲ್‌ಇಡಿಗೆ ಬದಲಿಸಿದರೆ ವಿದ್ಯುತ್ತಿನ ಬಳಕೆಯೂ ನಷ್ಟವೂ ಬಹಳ ಕಡಿಮೆಯಾಗುತ್ತವೆ.

ವಿಶ್ರಾಂತಿಯಲ್ಲಿರುವ ಸೀಸ-ಆಮ್ಲ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ, 12.2 ತೋರಿಸಿದರೆ ಸುಮಾರು ಅರ್ಧ ಉಳಿದಿದೆ ಎಂದು ತಿಳಿಯಬಹುದು. ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ. ಬ್ಯಾಟರಿಯ ಧನ ತಂತಿಗೆ ಆದಷ್ಟು ಹತ್ತಿರದಲ್ಲೇ ಫ್ಯೂಸ್ ಇರಬೇಕು. ಫ್ಯೂಸಿಲ್ಲದ ತಂತಿ ಉಜ್ಜಿ ಹೊದಿಕೆ ಹರಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಸುರಕ್ಷತೆ

• ಅಲ್ಯುಮಿನಿಯಮ್ ಹಾಯಿಕಂಬವನ್ನು ಎತ್ತುವ, ಇಳಿಸುವ ಅಥವಾ ಎತ್ತಿದ ಕಂಬದೊಡನೆ ದೋಣಿಯನ್ನು ಸಾಗಿಸುವ ಮೊದಲು ಮೇಲೆ ವಿದ್ಯುತ್ ಮಾರ್ಗವಿದೆಯೇ ಎಂದು ನೋಡಬೇಕು. ಕಂಬ ತಗುಲಿದರೆ ಸಾವು ಸಂಭವಿಸುತ್ತದೆ.
• ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಬಿಲ್ಜ್‌ನಲ್ಲಿ ಶೇಖರವಾಗಿ ಕಿಡಿಯೊಂದಕ್ಕೆ ಸ್ಫೋಟಿಸಬಹುದು. ಇಂಧನ ತೊಟ್ಟಿಯನ್ನು ಗಾಳಿಯಾಡುವ ಕಡೆ ಇಡಬೇಕು.
• ಫೈಬರ್‌ಗ್ಲಾಸ್ ಉಜ್ಜುವಾಗ ಏಳುವ ಧೂಳು ಮತ್ತು ಹಳೆಯ ತಳಬಣ್ಣದ ವಿಷಪುಡಿ ಶ್ವಾಸಕೋಶಕ್ಕೆ ಹಾನಿಕರ. ತಕ್ಕ ಮುಖಗವಸು, ಕನ್ನಡಕ ಮತ್ತು ಕೈಗವಸು ಅವಶ್ಯ.
• ಎಪಾಕ್ಸಿ ಚರ್ಮಕ್ಕೆ ಪದೇಪದೇ ತಗುಲಿದರೆ ಅಲರ್ಜಿಯುಂಟಾಗುತ್ತದೆ. ಹೆಚ್ಚು ಪ್ರಮಾಣದಲ್ಲಿ ಒಂದೇ ಡಬ್ಬಿಯಲ್ಲಿ ಕಲಸಿದರೆ ಅದು ತಾನಾಗಿ ಕಾದು ಹೊಗೆಯಾಡುತ್ತದೆ.
• ಹಾಯಿಕಂಬವೇರಿ ಕೆಲಸ ಮಾಡುವವರಿಗೆ ಒಂದು ಹಗ್ಗದ ಜೊತೆಗೆ ಎರಡನೆಯ ರಕ್ಷಣಾ ಹಗ್ಗವೂ ಇರಬೇಕು.

ದುರಸ್ತಿಯ ಮಿತಿ

ಎಲ್ಲ ಹಳೆಯ ದೋಣಿಗಳೂ ದುರಸ್ತಿಗೆ ಯೋಗ್ಯವಲ್ಲ. ಡೆಕ್‌ನ ಬಹುಭಾಗ ಕೊಳೆತು, ಚೈನ್‌ಪ್ಲೇಟುಗಳು ಸವೆದು, ಕೀಲ್‌ನ ಜೋಡಣೆಯೂ ಕೆಟ್ಟಿದ್ದರೆ ವೆಚ್ಚವು ಅದೇ ಮಾದರಿಯ ಸುಸ್ಥಿತಿಯ ದೋಣಿಯ ಬೆಲೆಯನ್ನು ಮೀರುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ಡೆಕ್ ತಟ್ಟಿ ನೋಡುವುದು, ಬಿಲ್ಜ್‌ನ ತಳ ಪರೀಕ್ಷಿಸುವುದು ಮತ್ತು ಅನುಭವಿ ಪರಿವೀಕ್ಷಕರಿಂದ ವರದಿ ಪಡೆಯುವುದು ಲಾಭಕರ. ಕೀಲ್ ಬೋಲ್ಟುಗಳ ಬದಲಾವಣೆ, ದೊಡ್ಡ ಪ್ರಮಾಣದ ಒಡಲಿನ ಕೆಲಸ ಮತ್ತು ಆಧಾರ ತಂತಿಗಳ ತುದಿಯನ್ನು ಯಂತ್ರದಿಂದ ಅದುಮುವ ಕೆಲಸಗಳನ್ನು ಸಾಮಾನ್ಯವಾಗಿ ವೃತ್ತಿಪರರಿಗೆ ಒಪ್ಪಿಸಲಾಗುತ್ತದೆ.

ಸುಸ್ಥಿತಿಯ ಒಡಲಿರುವ ದೋಣಿಯ ಉಳಿದ ದೋಷಗಳನ್ನು ಸಾಧಾರಣ ಉಪಕರಣಗಳಿಂದ, ಒಂದೊಂದಾಗಿ ಸರಿಪಡಿಸಬಹುದು. ಬಿಚ್ಚಿದ ಭಾಗ, ಬದಲಿಸಿದ ದಿನಾಂಕ ಮತ್ತು ಬಳಸಿದ ವಸ್ತುಗಳನ್ನು ಪುಸ್ತಕವೊಂದರಲ್ಲಿ ಬರೆದಿಡುವುದು ಉತ್ತಮ ಪದ್ಧತಿ. ಆಧಾರ ತಂತಿಯ ವಯಸ್ಸೆಷ್ಟು, ಚೈನ್‌ಪ್ಲೇಟನ್ನು ಕೊನೆಯದಾಗಿ ಯಾವಾಗ ಹೊರತೆಗೆದು ನೋಡಲಾಯಿತು ಎಂಬಂತಹ ಪ್ರಶ್ನೆಗಳಿಗೆ ದೋಣಿಯ ಮುಂದಿನ ಮಾಲೀಕರಿಗೂ ಆ ಪುಸ್ತಕದಲ್ಲಿ ಉತ್ತರ ಸಿಗುತ್ತದೆ.